ಊರ ಚಾವಡಿಯೊಳಗ ವಸ್ತುಸಂಗ್ರಹಾಲಯ: ಕಲ್ಲು ತರಬೇಕೋ, ಇದ್ದಲ್ಲೇ ಬಿಡಬೇಕೋ?

ಮಲಪ್ರಭಾ ದಂಡಿ

ಎಲ್ಲಾರ್ಗೂ ನಮಸ್ಕಾರ್ರಿ. ಬಾಗಲಕೋಟೆ ಜಿಲ್ಲೆಯ ಹೊಳಿದಂಡಿ ಊರೊಂದರಾಗ ಹಳೇ ಚಾವಡಿ ಖಾಲಿ ಬಿದ್ದೈತಿ. ಊರವರು ಕೂಡಿ ಒಂದು ಪ್ರತಿಷ್ಠಾನ ಕಟ್ಟಿ, ಆ ಚಾವಡಿಯನ್ನ ಸಣ್ಣ ವಸ್ತುಸಂಗ್ರಹಾಲಯ ಮಾಡಬೇಕಂತ ಠರಾವು ಮಾಡ್ಯಾರ. ಈಗ ಕಣ್ಣಿಗೆ ಬಿದ್ದಿರೋದು ಇಷ್ಟು: ಹೊಲದ ಬದುವಿನ ಮ್ಯಾಲೆ ಮತ್ತು ಹನಮಪ್ಪನ ಗುಡಿ ಮುಂದ ಏಳು ವೀರಗಲ್ಲು, ಹಾಳುಬಾವಿ ಹತ್ರ ಎರಡು ಶಾಸನದ ಕಲ್ಲು, ಒಂದು ಮನ್ಯಾಗ ಬಳಿ ಸಮೇತ ಮೂರು ಹಲಗಿಯ ತಾಮ್ರಪಟ, ಮಠದಾಗ ಎರಡು ಕಟ್ಟು ಓಲೆಗರಿ.

ಕೇಳೋದು ಎರಡೈತ್ರಿ. ಬಾಗಲಕೋಟೆ, ವಿಜಯಪುರ, ಬೆಳಗಾವಿ, ನಮ್ಮ ಈ ಮೂರು ಜಿಲ್ಲಾದಾಗ ವಸ್ತುಸಂಗ್ರಹಾಲಯಗಳು ಹೆಂಗ ಹುಟ್ಟಿದವು, ಅವುಗಳಿಂದ ಕಲಿಯೋದು ಏನು? ಎರಡನೇದು, ಎಲ್ಲಾ ಕಲ್ಲನ್ನೂ ಟ್ರ್ಯಾಕ್ಟರ್‌ನಾಗ ಹೇರಿ ಚಾವಡಿಗೆ ತರೋದು ಸರಿಯೋ ತಪ್ಪೋ?

ನಗಾರಖಾನೆ

ಇತಿಹಾಸದಿಂದಲೇ ಶುರುಮಾಡಿದ್ದು ಒಳ್ಳೆಯದಾಯಿತು. ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಅಲ್ಲೇ ಇದೆ.

ಈ ಭಾಗದಲ್ಲಿ ಎಲ್ಲಕ್ಕೂ ಹಳೆಯದು ವಿಜಯಪುರದ್ದು. ಕಲಾದಗಿಯಲ್ಲಿದ್ದ ಜಿಲ್ಲಾ ಕೇಂದ್ರ 1885ರಲ್ಲಿ ಬಿಜಾಪುರಕ್ಕೆ ಬಂತು. ಅದಾಗಿ ಏಳು ವರ್ಷಕ್ಕೆ, 1892ರಲ್ಲಿ, ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿ ಜಿಲ್ಲಾ ವಸ್ತುಸಂಗ್ರಹಾಲಯ ತೆರೆಯಿತು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅದನ್ನು ವಹಿಸಿಕೊಂಡದ್ದು 1982ರಲ್ಲಿ. ನಡುವಿನ ತೊಂಬತ್ತು ವರ್ಷ ಅದು ಜಿಲ್ಲೆಯ ಮಟ್ಟದ ಸಂಗ್ರಹವಾಗಿಯೇ ನಡೆಯಿತು. ಕನ್ನಡ, ಸಂಸ್ಕೃತ, ಅರಬ್ಬಿ, ಪಾರಸಿ ಶಾಸನಗಳು, ಆದಿಲಶಾಹಿ ಕಾಲದ ಜಮಖಾನೆ, ಚೀನೀ ಪಿಂಗಾಣಿ, ಹಸ್ತಪ್ರತಿ, ಆಯುಧ, ಎಲ್ಲವೂ ಅಲ್ಲಿವೆ. ಹೋಗುವವರು ಶುಕ್ರವಾರ ಬಿಟ್ಟು ಹೋಗಿ, ಅಂದು ರಜೆ.

ಅಲ್ಲಿ ನೋಡಲೇಬೇಕಾದದ್ದು ಮಹಾಕೂಟದ ಕಂಬ. ಚಾಲುಕ್ಯ ಮಂಗಳೇಶನ ಶಾಸನವಿರುವ ಕಂಬ ಅದು. ನಿಂತಿದ್ದದ್ದು ಬಾದಾಮಿ ಪಕ್ಕದ ಮಹಾಕೂಟದಲ್ಲಿ, ಈಗಿರುವುದು ವಿಜಯಪುರದಲ್ಲಿ. ಕಂಬ ಉಳಿದಿದೆ, ಶಾಸನ ಪ್ರಕಟವಾಗಿದೆ, ಎಲ್ಲಿಂದ ಬಂತೆಂಬುದು ಬರಹದಲ್ಲಿದೆ. ಹಾಗಾಗಿ ಇವತ್ತಿಗೂ ಅದನ್ನು ಮಹಾಕೂಟದ ಕಂಬ ಎಂದೇ ಕರೆಯುತ್ತೇವೆ. ಆ ಒಂದು ಸಾಲಿನ ಬರಹ ಇಲ್ಲದಿದ್ದರೆ ಅದು ಗೋಳಗುಮ್ಮಟದ ಅಂಗಳದಲ್ಲಿ ನಿಂತ ಒಂದು ಹಳೆಯ ಕಂಬವಾಗಿ ಉಳಿಯುತ್ತಿತ್ತು.

ಬಾದಾಮಿಯಲ್ಲಿ ಕಥೆ ಬೇರೆ. 1979ರಲ್ಲಿ ಸುತ್ತಲಿನ ಶಿಲ್ಪಗಳನ್ನು ಕೂಡಿಡಲು ಒಂದು ಶೆಡ್ ಮಾಡಿದರು, 1982ರಲ್ಲಿ ಅದು ಸ್ಥಳ ವಸ್ತುಸಂಗ್ರಹಾಲಯವಾಯಿತು. ನಾಗನಾಥಕೊಳ್ಳದ ಲಜ್ಜಾಗೌರಿ ದೇವಿಯ ಶಿಲ್ಪ ಅಲ್ಲಿದೆ. ಶೆಡ್‌ನಿಂದ ಶುರುವಾದದ್ದಕ್ಕೆ ನಾಚಿಕೆಪಡಬೇಕಾಗಿಲ್ಲ ಎಂಬುದಕ್ಕೇ ಇದನ್ನು ಹೇಳಿದೆ. ಕಿತ್ತೂರಿನಲ್ಲಿ ಅರಮನೆಯ ಅವಶೇಷದ ಆವರಣದೊಳಗೇ 1967ರಿಂದ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಚೆನ್ನಮ್ಮನ ಅರಮನೆ ನೋಡಲು ಬಂದವರು ಸುತ್ತಲಿನ ಹಳ್ಳಿಗಳ ಶಿಲ್ಪಗಳನ್ನೂ ನೋಡಿಹೋಗುತ್ತಾರೆ.

ಕೋಟೆ ಬಾಗಿಲು, ಬೆಳಗಾವಿ

ನಗಾರಖಾನೆಯವರ ಮಾತಿಗೆ ಬೆಳಗಾವಿಯಿಂದ ಒಂದು ಜೋಡಣೆ. ಕೋಟೆಯೊಳಗಿನ ಕಮಲಬಸದಿ ರಟ್ಟ ಮನೆತನದ ಅರಸ ನಾಲ್ಕನೆಯ ಕಾರ್ತವೀರ್ಯನ ಕಾಲದ್ದು, ಅವನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ್ದು. ಅದೇ ಕಾರ್ತವೀರ್ಯನ ಕಾಲದ, ರಟ್ಟ ಜಿನಾಲಯಕ್ಕೆ ದತ್ತಿ ಬಿಟ್ಟದ್ದನ್ನು ಹೇಳುವ ಎರಡು ಹಳಗನ್ನಡ ಶಾಸನದ ಕಲ್ಲುಗಳು ಈಗಿರುವುದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ. ಬಸದಿ ಇಲ್ಲಿ, ಅದರ ದಾಖಲೆ ಅಲ್ಲಿ. ವಿಜಯಪುರದ ಆಸಾರ್ ಮಹಲಿನ ಗ್ರಂಥಗಳೂ ಹಾಗೆಯೇ 1853ರಲ್ಲಿ ಲಂಡನ್ನಿಗೆ ಹೋದವು.

ದೂರ ಹೋದದ್ದು ನೋವಿನ ವಿಷಯ, ನಿಜ. ಆದರೆ ಊರೊಳಗೇ ಹತ್ತು ಗಜ ಸರಿಸಿ, ಎಲ್ಲಿಂದ ತಂದೆವೆಂದು ಬರೆಯದೆ ಬಿಟ್ಟ ಕಲ್ಲು ಅದಕ್ಕಿಂತ ಹೆಚ್ಚು ಕಳೆದುಹೋಗುತ್ತದೆ. ಲಂಡನ್ನಿನ ಕಲ್ಲನ್ನು ಹೆಸರು ಹಿಡಿದು ಹುಡುಕಬಹುದು, ಅದರ ಪಾಠ ಅಚ್ಚಾಗಿದೆ. ಬರಹವಿಲ್ಲದ ಕಲ್ಲನ್ನು ಏನೆಂದು ಹುಡುಕುವುದು?

ಅಕ್ಕರ ಪ್ರೀತಿ

ಹೌದು. ಶಾಸನದಲ್ಲಿ "ಈ ಕೆರೆ", "ಈ ದೇವರು", "ಮೂಡಲ ಹಳ್ಳ" ಎಂದು ಮೇರೆ ಹೇಳಿರುತ್ತದೆ. ಕಲ್ಲು ನಿಂತ ಜಾಗವೇ ಆ "ಈ" ಅಕ್ಷರದ ಅರ್ಥ. ಕಲ್ಲು ಕಿತ್ತರೆ ಅರ್ಧ ಶಾಸನ ನೆಲದಲ್ಲೇ ಉಳಿಯುತ್ತದೆ.

ಬಾದಾಮಿಯ ಮೂರನೆಯ ಗುಹೆಯ ಮಂಗಳೇಶನ ಶಾಸನ ಶಕ 500, ಅಂದರೆ ಕ್ರಿ.ಶ. 578. ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ಕವಿ ರವಿಕೀರ್ತಿಯ ಪ್ರಶಸ್ತಿ (ಅರಸನನ್ನು ಹೊಗಳುವ ಶಾಸನ) ಶಕ 556, ಅಂದರೆ 634. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ. ಇವೆಲ್ಲ ಇದ್ದಲ್ಲೇ ಇವೆ, ಅದಕ್ಕೇ ಬೆಲೆ. ಮೂರನೆಯ ಗುಹೆಯ ಕಾಲವನ್ನು ಶೈಲಿಯಿಂದ ಊಹಿಸಬೇಕಾಗಿಲ್ಲ, ಗೋಡೆಯೇ ವರ್ಷ ಹೇಳುತ್ತದೆ. ಉಳಿದ ಗುಹೆಗಳ ಕಾಲವನ್ನು ವಿದ್ವಾಂಸರು ಅದಕ್ಕೆ ಹೋಲಿಸಿ ಹೇಳುತ್ತಾರೆ.

ಅಂದಹಾಗೆ, ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿ.ಶ. ಬರುತ್ತದೆ. ತಿಥಿ ಪುಷ್ಯದ ಕೊನೆ, ಮಾಘ, ಫಾಲ್ಗುಣದ್ದಾದರೆ 79 ಕೂಡಿಸಬೇಕು, ಏಕೆಂದರೆ ಅಷ್ಟರಲ್ಲಿ ಜನವರಿ ದಾಟಿರುತ್ತದೆ. ಫಲಕ ಬರೆಸುವಾಗ ಎಲ್ಲರೂ ತಪ್ಪುವುದು ಇಲ್ಲೇ.

ಮಲಪ್ರಭಾ ದಂಡಿ

ಹಂಗಾದ್ರ ಯಾವ ಕಲ್ಲನ್ನೂ ಅಲುಗಾಡಸಬಾರದೇನ್ರಿ? ಬದುವಿನ ಮ್ಯಾಲಿನ ಎರಡು ವೀರಗಲ್ಲಿಗೆ ಆಗಲೇ ನೇಗಿಲು ತಾಗಿ ಚಕ್ಕಿ ಎದ್ದಾವ. ಹಾಳುಬಾವಿ ಕಡೆ ನಿಧಿ ಆಸೇಕ ಯಾರೋ ತಳಾ ಅಗದಾರ.

ಹುನಗುಂದ ಕಡಿಯವ

ನಾ ಅಕ್ಕರ ಪ್ರೀತಿಯವರ ಮಾತು ಪೂರ್ತಿ ಒಪ್ಪಂಗಿಲ್ರಿ. ಇದ್ದಲ್ಲೇ ಇರಲಿ ಅನ್ನೋದು ಕಾವಲಿರೋ ಬಾದಾಮಿಗೆ, ಪಟ್ಟದಕಲ್ಲಿಗೆ ಸರಿ. ಬದುವಿನ ಕಲ್ಲಿಗೆ ಯಾರ ಕಾವಲೈತಿ? ರಸ್ತೆ ಅಗಲ ಮಾಡುವಾಗ ಜೆಸಿಬಿ ಅದನ್ನ ಕೇಳಿ ಬರತದೇನು? ಆಲಮಟ್ಟಿ ಹಿನ್ನೀರಿನ ಮಾತಂತೂ ಇನ್ನೂ ದೊಡ್ಡದು. ಅಣೆಕಟ್ಟಿನ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರಸಾಕ 2010ರಾಗ ಕೃಷ್ಣಾ ನ್ಯಾಯಾಧಿಕರಣ ಒಪ್ಪೈತಿ. ಅಷ್ಟೆತ್ತರಕ್ಕ ನೀರು ನಿಂತ ದಿನ ಆ ಊರುಗಳ ಗುಡಿ, ಕಲ್ಲು, ಕಟ್ಟಿ ಏನಾಗಬೇಕು? ಅಲ್ಲಿ ಕಲ್ಲು ಎತ್ತಲೇಬೇಕು. ಕೂಡಲಸಂಗಮದಾಗ ಐಕ್ಯಮಂಟಪದ ಸುತ್ತ ಬಾವಿಯಂಗ ಗೋಡಿ ಎಬ್ಬಿಸಿ, ಮೆಟ್ಟಿಲು ಇಳಿದು ದರ್ಶನ ಮಾಡೋಹಂಗ ಇದ್ದಲ್ಲೇ ಉಳಿಸ್ಯಾರ, ಖರೆ. ಆದ್ರ ಅಂಥಾ ಖರ್ಚು ಪ್ರತಿ ಊರಿನ ವೀರಗಲ್ಲಿಗೆ ಯಾರೂ ಮಾಡಂಗಿಲ್ಲ.

ಅಕ್ಕರ ಪ್ರೀತಿ

ಅಣ್ಣಾರ, ನಿಮ್ಮ ಮಾತು ಸರಿ. ನಾನು ಎತ್ತಲೇಬಾರದು ಎಂದಿಲ್ಲ, ಬರೆಯದೆ ಎತ್ತಬಾರದು ಎಂದೆ. ಮೂರು ಕಾರಣಕ್ಕೆ ಮಾತ್ರ ಎತ್ತಿ: ನೀರಿನಡಿ ಹೋಗುವುದಿದ್ದರೆ, ರಸ್ತೆ ಅಥವಾ ಕಟ್ಟಡದ ಕೆಲಸಕ್ಕೆ ಜಾಗ ಹೋಗುವುದಿದ್ದರೆ, ಕಳವು ಅಥವಾ ನೇಗಿಲಿನ ಹೊಡೆತ ತಪ್ಪಿಸಲು ಬೇರೆ ದಾರಿಯೇ ಇಲ್ಲದಿದ್ದರೆ. ಗುಡಿ ಮುಂದಿನ ಕಲ್ಲುಗಳಿಗೆ ಈ ಮೂರೂ ಇಲ್ಲ, ಅವು ಪೂಜೆಯಲ್ಲಿವೆ, ಅವನ್ನು ಬಿಡಿ. ಬದುವಿನ ಕಲ್ಲಿಗೂ ಮೊದಲು ಹೊಲದವರನ್ನು ಕೇಳಿ ಸುತ್ತ ಮೂರಡಿ ಬಿಡಿಸಿ, ನಾಲ್ಕು ಮೂಲೆಗೆ ಗೂಟದ ಕಲ್ಲು ನೆಡಿ. ಬಹಳ ಸಲ ಅಷ್ಟೇ ಸಾಕಾಗುತ್ತದೆ.

ಎತ್ತುವ ಮೊದಲು ಪ್ರತಿ ಕಲ್ಲಿಗೂ ಒಂದು ಹಾಳೆ ತುಂಬಿಸಿ. ಊರು, ಸರ್ವೆ ನಂಬರು, ಮೊಬೈಲಿನಲ್ಲಿ ಬರುವ ಅಕ್ಷಾಂಶ ರೇಖಾಂಶ, ಹತ್ತಿರದ ಕದಲದ ಗುರುತಿನಿಂದ (ಬಾವಿ, ಗುಡಿಯ ಮೂಲೆ) ಟೇಪು ಹಿಡಿದ ದೂರ, ಮುಖ ಯಾವ ದಿಕ್ಕಿಗೆ, ನೆಲದ ಮೇಲೆ ಎಷ್ಟು, ನೆಲದೊಳಗೆ ಎಷ್ಟು, ಜನ ಅದನ್ನು ಏನೆಂದು ಕರೆಯುತ್ತಾರೆ. ಕೊನೆಯದನ್ನು ಯಾರೂ ಬರೆಯುವುದಿಲ್ಲ, ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ಐಹೊಳೆಯ ಲಾಡಖಾನ ಗುಡಿ, ಗೌಡರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಮಠ, ಈ ಹೆಸರುಗಳು ಯಾವ ಶಾಸನದಲ್ಲೂ ಇಲ್ಲ. ಅಲ್ಲಿ ವಾಸವಿದ್ದವರ, ಸುತ್ತಲ ಓಣಿಯವರ ನೆನಪಿನಿಂದ ಬಂದವು. ದುರ್ಗಗುಡಿಯ ಹೆಸರು ದುರ್ಗಾದೇವಿಯದಲ್ಲ, ಅದರ ಮೇಲೆ ನಿಂತಿದ್ದ ಕೋಟೆಯ ಕಾವಲುಗಟ್ಟೆಯದು. ಜನರ ಬಾಯಿಯ ಹೆಸರೂ ದಾಖಲೆಯೇ.

ಮೊದಲೇ ಪ್ರಕಟವಾಗಿದೆಯೋ ನೋಡಿಕೊಳ್ಳಿ. ಬಾಂಬೆ ಕರ್ನಾಟಕದ (ಅಂದರೆ ನಮ್ಮ ಭಾಗದ) ಶಾಸನಗಳು ದಕ್ಷಿಣ ಭಾರತ ಶಾಸನ ಸಂಪುಟಗಳಲ್ಲಿ 11, 15, 18 ಮತ್ತು 20ರಲ್ಲಿವೆ. ಊರ ಹೆಸರಿನ ಸೂಚಿ ನೋಡಿದರೆ ಅರ್ಧ ಗಂಟೆಯ ಕೆಲಸ. ಹಳೆಯ ಪಾಠ ಸಿಕ್ಕಿದರೆ ಈಗ ಕಲ್ಲಿನಲ್ಲಿ ಎಷ್ಟು ಸಾಲು ಸವೆದಿದೆ ಎಂದೂ ಗೊತ್ತಾಗುತ್ತದೆ.

ಕಾಯ್ದೆ ಕಟ್ಲೆ

ಟ್ರ್ಯಾಕ್ಟರ್ ಕರೆಸುವ ಮೊದಲು ಇದನ್ನು ಓದಿ.

ಸಂರಕ್ಷಿತ ಸ್ಮಾರಕದ ಆವರಣದ ಒಂದು ಚೂರು ಕಲ್ಲನ್ನೂ ಮುಟ್ಟುವಂತಿಲ್ಲ. ಕೇಂದ್ರದ ಸ್ಮಾರಕಗಳಿಗೆ 1958ರ ಕಾಯ್ದೆ, ರಾಜ್ಯದವಕ್ಕೆ 1961ರ ಕಾಯ್ದೆ. ಕೇಂದ್ರದ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಇದನ್ನು 2010ರ ತಿದ್ದುಪಡಿ ಕಾಯ್ದೆಯೊಳಗೇ ಬರೆಯಿತು. ನಿಮ್ಮ ಚಾವಡಿ ಆ 300 ಮೀಟರಿನೊಳಗೆ ಬಿದ್ದರೆ ದುರಸ್ತಿಗೂ ಅನುಮತಿ ಬೇಕು. ಈ ಭಾಗಕ್ಕೆ ಸರ್ವೇಕ್ಷಣ ಇಲಾಖೆಯ ಧಾರವಾಡ ವಲಯ ಕಚೇರಿಯಲ್ಲಿ ವಿಚಾರಿಸಿ.

ನೆಲ ಅಗೆಯುವಾಗ ಸಿಕ್ಕದ್ದು ನಿಧಿ ಕಾಯ್ದೆಗೆ ಬರುತ್ತದೆ, ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ನೂರು ವರ್ಷ ದಾಟಿದ ಶಿಲ್ಪ, ಶಾಸನ, ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯೊಳಗೆ ಬರುತ್ತವೆ. ಹಸ್ತಪ್ರತಿಗೆ ಎಪ್ಪತ್ತೈದು ವರ್ಷವೇ ಸಾಕು. ಮನೆಯಲ್ಲಿ ಇಟ್ಟುಕೊಂಡದ್ದು ತಪ್ಪಲ್ಲ. ನೋಂದಣಿ ಮಾಡಿಸಬೇಕಾದದ್ದನ್ನು ಮಾಡಿಸದಿರುವುದು, ಪರವಾನಗಿಯಿಲ್ಲದೆ ಮಾರಾಟಕ್ಕೆ ಇಳಿಯುವುದು, ದೇಶದಾಚೆ ಕಳಿಸುವುದು ತಪ್ಪು.

ಪ್ರತಿಷ್ಠಾನವನ್ನು ಎರಡು ರೀತಿ ಮಾಡಬಹುದು. ಸಂಘವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, ಕನಿಷ್ಠ ಏಳು ಜನ ಬೇಕು, ವರ್ಷಾವರ್ಷ ಮಹಾಸಭೆ, ಲೆಕ್ಕಪರಿಶೋಧನೆ, ಪಟ್ಟಿ ಸಲ್ಲಿಕೆ. ಟ್ರಸ್ಟ್ ಆದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದ ಪತ್ರ. ಊರ ಸಂಗ್ರಹಕ್ಕೆ ಸಂಘವೇ ಮೇಲೆಂಬುದು ನನ್ನ ಅಭಿಪ್ರಾಯ. ಸದಸ್ಯರು ಬದಲಾಗುತ್ತಾರೆ, ಒಂದೇ ಮನೆತನದ ಕೈಗೆ ಬೀಗದಕೈ ಹೋಗುವುದಿಲ್ಲ.

ಯಾವುದೇ ಆಗಲಿ, ಎರಡು ಕಲಮು ಬಿಡಬೇಡಿ. ಒಂದು, ಸಂಸ್ಥೆ ನಿಂತುಹೋದರೆ ವಸ್ತುಗಳು ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಅಥವಾ ಅದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಸೇರತಕ್ಕದ್ದು, ಸದಸ್ಯರಿಗೆ ಹಂಚತಕ್ಕದ್ದಲ್ಲ. ಎರಡು, ಪ್ರತಿ ವಸ್ತುವೂ ದಾನವೋ ಎರವಲೋ ಎಂದು ಕೊಟ್ಟವರ ಸಹಿಯೊಂದಿಗೆ ಬರೆದಿರತಕ್ಕದ್ದು. ತಾಮ್ರಪಟದ ಮನೆಯವರು ಎರವಲು ಕೊಡುತ್ತೇವೆ ಎಂದರೆ ಒತ್ತಾಯ ಮಾಡಬೇಡಿ, ಎಷ್ಟು ವರ್ಷಕ್ಕೆ, ವಾಪಸು ಕೇಳಿದರೆ ಎಷ್ಟು ದಿನದಲ್ಲಿ ಕೊಡಬೇಕು ಎಂದು ಬರೆಸಿ. ಇದು ಇಲ್ಲದ ಕಡೆ ಮೂರನೆಯ ತಲೆಮಾರಿಗೆ ಜಗಳ ಖಂಡಿತ.

ಗುಡಿಯ ಜೀರ್ಣೋದ್ಧಾರವೇ ಮಾಡುವುದಿದ್ದರೆ 1991ರಲ್ಲಿ ಶುರುವಾದ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ಅನುಸರಿಸಿದ ಪದ್ಧತಿ ನೋಡಿ: ಸರ್ಕಾರ 40, ಟ್ರಸ್ಟ್ 40, ಊರವರು ನೂರಕ್ಕೆ 20. ಊರಿನ ದುಡ್ಡೂ ಬಿದ್ದಾಗ ಊರು ಕಾಯುತ್ತದೆ.

ಮಲಪ್ರಭಾ ದಂಡಿ

ಭಾಳ ಉಪಕಾರ ಆತ್ರಿ. ಚಾವಡಿ ಸುತ್ತ ಸಂರಕ್ಷಿತ ಸ್ಮಾರಕ ಇಲ್ಲ. ಹಾಳುಬಾವಿ ಹತ್ರದ ಎರಡು ಶಾಸನ ಓದಸಬೇಕು. ಅಕ್ಷರದಾಗ ಯಾರೋ ಬಿಳಿ ಬಣ್ಣ ತುಂಬ್ಯಾರ, ಒಂದರ ಮ್ಯಾಲೆ ಸುಣ್ಣ ಬಳಕೊಂಡು ಕುಂತೈತಿ. ಅಚ್ಚು ತಗಿಯೋದು ಹೆಂಗ್ರಿ?

ಅಕ್ಕರ ಪ್ರೀತಿ

ಬಣ್ಣ ತುಂಬಿದವರಿಗೆ ಅಕ್ಷರ ಕಾಣಲಿ ಎಂಬ ಆಸೆ. ಆದರೆ ಅವರು ತುಂಬಿದ್ದು ತಮಗೆ ಕಂಡ ಅಕ್ಷರವನ್ನು. ಸವೆದ ಕಡೆ ಒಂದು ಗೀರು ಹೆಚ್ಚಾದರೆ ಪ ಹೋಗಿ ಷ ಆಗುತ್ತದೆ, ಆಮೇಲೆ ಎಲ್ಲರೂ ಅದನ್ನೇ ಓದುತ್ತಾರೆ.

ಅಚ್ಚಿಗಿಂತ ಮೊದಲು ಫೋಟೋ. ಕತ್ತಲಾದ ಮೇಲೆ ಹೋಗಿ, ಒಂದು ಬ್ಯಾಟರಿಯನ್ನು ಕಲ್ಲಿನ ಮೈಗೆ ಹೆಚ್ಚುಕಡಿಮೆ ಸಮನಾಗಿ ಪಕ್ಕದಿಂದ ಹಿಡಿಯಿರಿ. ಮಧ್ಯಾಹ್ನ ಏನೂ ಕಾಣದ ಕಲ್ಲಿನಲ್ಲಿ ಸಾಲು ಸಾಲಾಗಿ ನೆರಳು ಏಳುತ್ತದೆ. ಎಡ, ಬಲ, ಮೇಲೆ, ಕೆಳಗೆ ನಾಲ್ಕು ಕಡೆಯಿಂದಲೂ ಬೆಳಕು ಬಿಟ್ಟು ತೆಗೆಯಿರಿ. ಪಕ್ಕದಲ್ಲಿ ಅಳತೆಪಟ್ಟಿ ಇರಲಿ.

ಅಚ್ಚು ಹೀಗೆ. ಕಲ್ಲನ್ನು ಬರೀ ನೀರು ಮತ್ತು ಮೆತ್ತನೆ ಬ್ರಶ್ಶಿನಿಂದ ತೊಳೆಯಿರಿ. ತಂತಿ ಬ್ರಶ್ಶು ಬೇಡವೇ ಬೇಡ, ಬಾದಾಮಿ ಕಡೆಯ ಮರಳುಗಲ್ಲು ಅದಕ್ಕೆ ಹಿಟ್ಟಿನಂತೆ ಉದುರುತ್ತದೆ. ಗಟ್ಟಿ ನಾರಿನ, ಅಂಟು ಕಡಿಮೆಯಿರುವ ಕಾಗದವನ್ನು ನೀರಲ್ಲಿ ನೆನೆಸಿ ಕಲ್ಲಿನ ಮೇಲೆ ಹಾಸಿ. ನಡುವಿನಿಂದ ಅಂಚಿಗೆ ಗಾಳಿ ಒತ್ತಿ ಹೊರಹಾಕಿ. ಗಿಡ್ಡ ಗಟ್ಟಿ ಕೂದಲಿನ ಬ್ರಶ್ಶಿನಿಂದ ನೇರವಾಗಿ ತಟ್ಟುತ್ತ ಹೋದರೆ ಕಾಗದ ಅಕ್ಷರದ ತಗ್ಗಿಗೆ ಇಳಿಯುತ್ತದೆ. ಬ್ರಶ್ಶು ಎಳೆಯಬಾರದು, ಎಳೆದರೆ ಹರಿಯುತ್ತದೆ. ಹರಿದ ಕಡೆ ಅದೇ ಕಾಗದದ ಒದ್ದೆ ತುಂಡು ಇಟ್ಟು ತಟ್ಟಿ.

ಆಮೇಲೆ ಕಾಯಬೇಕು. ಕಾಗದದ ನೀರಿನ ಹೊಳಪು ಹೋಗಿ, ಮುಟ್ಟಿದರೆ ತಣ್ಣಗಿದ್ದು ಬೆರಳಿಗೆ ಒದ್ದೆ ಹತ್ತದ ಹದ ಬಂದಾಗ ಮಸಿ. ದೀಪದ ಕಾಡಿಗೆಯನ್ನು ಗೋಂದಿನ ನೀರಲ್ಲಿ ಅರೆದ ಮಸಿ. ಹತ್ತಿಯನ್ನು ಬಟ್ಟೆಯಲ್ಲಿ ಕಟ್ಟಿದ ಗಂಟಿಗೆ ತೆಳುವಾಗಿ ಹಚ್ಚಿ, ಮೊದಲು ಬೇರೆ ಕಾಗದದ ಮೇಲೆ ಎರಡು ಸಲ ಒತ್ತಿ, ನಂತರ ಅಚ್ಚಿನ ಮೇಲೆ ಹಗುರವಾಗಿ ತಟ್ಟುತ್ತ ಬನ್ನಿ. ಉಬ್ಬು ಕಪ್ಪಾಗುತ್ತದೆ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಬೇಗ ಹಚ್ಚಿದರೆ ಮಸಿ ಹರಡಿ ಕಲ್ಲಿಗೂ ಇಳಿಯುತ್ತದೆ, ಅದು ಹೋಗುವುದಿಲ್ಲ. ತಡವಾದರೆ ಕಾಗದ ಒಣಗಿ ಕಲ್ಲು ಬಿಟ್ಟು ಸುರುಳಿಯಾಗುತ್ತದೆ. ಗಾಳಿಯ ದಿನ ಅಂಚು ಮೊದಲು ಒಣಗುವುದರಿಂದ ಕೆಲಸ ಕೆಡುತ್ತದೆ. ಬೆಳಗ್ಗೆ ಗಾಳಿ ಏಳುವ ಮೊದಲು ಮುಗಿಸಿ. ಬಿಡಿಸುವಾಗ ಮೇಲಿನ ಮೂಲೆಯಿಂದ. ಅಚ್ಚಿನ ಹಿಂದೆ ಅಂದೇ ಊರು, ಜಾಗ, ದಿನ ಬರೆಯಿರಿ.

ಪೂಜೆಯ ಕಲ್ಲಿಗೆ ಮೊದಲು ಅರ್ಚಕರನ್ನು ಕೇಳಿ. ಎಣ್ಣೆ ಹೀರಿದ ಕಲ್ಲಿಗೆ ಕಾಗದ ಅಂಟುವುದಿಲ್ಲ, ಅಲ್ಲಿ ರಾತ್ರಿಯ ಫೋಟೋವೇ ಸಾಕು.

ಗಚ್ಚು ಗಾರೆ

ಸುಣ್ಣ, ಬಣ್ಣದ ಮಾತಿಗೆ. ಸುಣ್ಣದ ಪದರಕ್ಕೆ ಒದ್ದೆ ಗೋಣಿತಟ್ಟು ಸುತ್ತಿ ಒಂದು ಹಗಲು ಬಿಡಿ. ಮೆತ್ತಗಾದದ್ದನ್ನು ಬಿದಿರಿನ ಚಕ್ಕೆಯಿಂದ ಎಬ್ಬಿಸಿ. ಏಳದಿದ್ದರೆ ಬಿಟ್ಟುಬಿಡಿ, ಸುಣ್ಣ ಎಷ್ಟೋ ಸಲ ಅಕ್ಷರವನ್ನು ಕಾಯ್ದಿರುತ್ತದೆ. ಆಸಿಡ್ ಹಾಕಿದರೆ ಸುಣ್ಣದ ಜೊತೆಗೆ ಮರಳುಗಲ್ಲಿನ ಕಣಗಳನ್ನು ಹಿಡಿದಿಟ್ಟ ಬೆಸುಗೆಯೂ ಕರಗಬಹುದು. ಎಣ್ಣೆಬಣ್ಣಕ್ಕೆ ಕಾಸ್ಟಿಕ್ ಸೋಡಾ ಹಚ್ಚುವವರೂ ಇದ್ದಾರೆ, ಅದು ಕಲ್ಲಿನೊಳಗೆ ಉಪ್ಪಾಗಿ ಕೂಡುತ್ತದೆ. ಎಣ್ಣೆಬಣ್ಣವನ್ನು ತರಬೇತಾದ ಸಂರಕ್ಷಕರಿಗೆ ಬಿಡಿ.

ಇನ್ನು ಚಾವಡಿ. ಮಣ್ಣಿನ ಮಾಳಿಗೆಯೋ?

ಮಲಪ್ರಭಾ ದಂಡಿ

ಹೌದ್ರಿ, ಮೇಲ್ಮುದ್ದಿ ಮಾಳಿಗಿ, ಸಾಗವಾನಿ ಕಂಬ. ಎರಡು ಕಡೆ ಸೋರತೈತಿ. ಗೋಡೆಯ ಸಂದಿಗೆ ಸಿಮೆಂಟು ಮೆತ್ತಿಸಾಕ ಗುತ್ತಿಗೆದಾರರು ಅಂದಾಜು ಕೊಟ್ಟಾರ.

ಗಚ್ಚು ಗಾರೆ

ಸಿಮೆಂಟು ಬೇಡ. ಕಲ್ಲುಗೋಡೆ ಬುಡದಿಂದ ಹೀರಿದ ನೀರನ್ನು ಸಂದಿನ ಸುಣ್ಣದ ಮೂಲಕ ಹೊರಗೆ ಬಿಡುತ್ತದೆ. ಸಂದಿ ಮುಚ್ಚಿದರೆ ನೀರು ಕಲ್ಲಿನ ಮುಖದಿಂದಲೇ ಹೊರಬರಬೇಕು. ಬರುವಾಗ ಉಪ್ಪು ತರುತ್ತದೆ, ಮೈ ಒಣಗಿದಲ್ಲಿ ಉಪ್ಪು ಹರಳುಗಟ್ಟಿ ಕಲ್ಲಿನ ಸಿಪ್ಪೆ ಎಬ್ಬಿಸುತ್ತದೆ. ಸಿಮೆಂಟು ಗಟ್ಟಿಯಾಗಿ ಉಳಿದು ಕಲ್ಲೇ ಒಳಕ್ಕೆ ತಿಂದುಹೋದ ಗೋಡೆಗಳನ್ನು ಈ ಕಡೆ ಎಲ್ಲಿ ಬೇಕಾದರೂ ನೋಡಬಹುದು.

ಸುಣ್ಣದ ಗಾರೆಗೆ: ಸುಟ್ಟ ಸುಣ್ಣವನ್ನು ನೀರಲ್ಲಿ ಅರಳಿಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲುವಂತೆ ಕನಿಷ್ಠ ಹದಿನೈದು ದಿನ, ಆಗುವುದಾದರೆ ಒಂದು ತಿಂಗಳು ಬಿಡಿ. ಒಂದು ಪಾಲು ಸುಣ್ಣದ ಮುದ್ದೆಗೆ ಎರಡೂವರೆಯಿಂದ ಮೂರು ಪಾಲು ತೊಳೆದ ಮರಳು. ಹಸಿ ಇರುವ ಕಡೆ ಮರಳಿನ ಒಂದು ಪಾಲಿನ ಬದಲು ಇಟ್ಟಿಗೆ ಪುಡಿ. ಅಳಲೆಕಾಯಿ ಜಜ್ಜಿ, ಬೆಲ್ಲದ ಜೊತೆ ನೆನೆಹಾಕಿ ಹುಳಿಯಿಸಿದ ನೀರನ್ನು ಹಳಬರು ಗಚ್ಚಿಗೆ ಕೂಡಿಸುತ್ತಿದ್ದರು, ಸ್ವಲ್ಪವೇ ಸಾಕು, ಹೆಚ್ಚಾದರೆ ಹೊರಪದರ ಕಪ್ಪಾಗಿ ಬೂಸ್ಟು ಹಿಡಿಯುತ್ತದೆ. ಹಳೆಯ ಸಂದಿಯನ್ನು ಒಂದು ಇಂಚು ಕೆದರಿ, ತೊಳೆದು, ಒದ್ದೆ ಇರುವಾಗಲೇ ತುಂಬಿ. ಮೇಲೆ ಒದ್ದೆ ಗೋಣಿತಟ್ಟು ಹತ್ತು ಹದಿನೈದು ದಿನ. ಬೇಸಿಗೆಯ ಬಿಸಿಲಲ್ಲಿ ಹಾಗೇ ಬಿಟ್ಟರೆ ಮೂರೇ ದಿನಕ್ಕೆ ಬಿರಿದು ಪುಡಿಯಾಗುತ್ತದೆ, ಆಗ ಎಲ್ಲರೂ ಸುಣ್ಣವನ್ನು ಬೈಯುತ್ತಾರೆ.

ಮಾಳಿಗೆಗೆ ಕರಲುಮಣ್ಣು ಹಾಕುವುದು ನಮ್ಮ ಪದ್ಧತಿ, ಮಳೆಗೆ ಚೆನ್ನಾಗಿ ಕೂಡಿಕೊಳ್ಳುತ್ತದೆ. ಆದರೆ ಅದು ಉಪ್ಪಿನ ಮಣ್ಣು. ಸೋರಿದ ನೀರು ಆ ಉಪ್ಪನ್ನು ಕೆಳಗಿಟ್ಟ ಕಲ್ಲಿಗೆ ಇಳಿಸುತ್ತದೆ. ಆದ್ದರಿಂದ ಸೋರಿಕೆ ನಿಂತು ಒಂದು ಮಳೆಗಾಲ ಕಳೆದ ಮೇಲೆಯೇ ವಸ್ತು ಒಳಗೆ ತನ್ನಿ. ಸೋರುವ ಜಾಗದ ಕೆಳಗೆ ಶಿಲ್ಪ ಇಡುವುದಕ್ಕಿಂತ ಮರದಡಿ ಇಡುವುದು ವಾಸಿ.

ಸರಪಳಿ ಪುಲ್ಲಿ

ಎತ್ತೋದರ ಬಗ್ಗೆ ಯಾರೂ ಹೇಳಲಿಲ್ಲ, ಹೆಚ್ಚು ಕಲ್ಲು ಒಡೆಯೋದು ಅಲ್ಲೇ.

ಮೊದಲು ತೂಕ ಲೆಕ್ಕ ಹಾಕ್ರಿ. 5 ಅಡಿ ಎತ್ತರ, ಎರಡೂವರೆ ಅಡಿ ಅಗಲ, 8 ಇಂಚು ದಪ್ಪದ ವೀರಗಲ್ಲು ಮರಳುಗಲ್ಲಾದ್ರ ಸುಮಾರು 530 ಕೆಜಿ, ವಿಜಯಪುರ ಕಡೆಯ ಕರಿಕಲ್ಲಾದ್ರ 670 ಕೆಜಿ. ನೆಲದೊಳಗಿನ ಭಾಗ ಬ್ಯಾರೆ. ಆರು ಜನ ಹಾರಿ ಹಿಡಿದು ಎಬ್ಬಿಸೋ ಕೆಲಸ ಅಲ್ಲ. ಮೂರು ಕಾಲಿನ ಕಬ್ಬಿಣದ ಮೂಗಾಲಿ, 2 ಟನ್ ಸರಪಳಿ ಪುಲ್ಲಿ, 2 ಟನ್ ತಾಳುವ ಅಗಲ ನೈಲಾನ್ ಪಟ್ಟಿ ಎರಡು. ತಂತಿ ಹಗ್ಗ, ಬರೀ ಸರಪಳಿ ಕಲ್ಲಿಗೆ ತಾಗಬಾರದು, ಅಂಚಿನ ಕೆತ್ತನೆ ಹಾರಿಹೋಗತೈತಿ. ಅಂಚಿಗೆ ಹಳೇ ಕಂಬಳಿ ಇಟ್ಟು ಪಟ್ಟಿ ಹಾಕ್ರಿ.

ಬುಡ ಬಿಡಿಸುವಾಗ ಒಂದು ಕಡೆಯಿಂದ ತೋಡಬ್ಯಾಡ್ರಿ, ವಾಲಿ ಬೀಳತೈತಿ. ನಾಲ್ಕೂ ಕಡೆ ಸಮ ಇಳಿರಿ, ಅಡ್ಡಗಟ್ಟಿ ಕೊಡ್ರಿ. ಕಡೇ ಒಂದಡಿ ಕೈಯಿಂದ, ಕರಣೆಯಿಂದ. ಹೂತ ಭಾಗದಾಗೂ ಅಕ್ಷರ ಇರಬಹುದು. ಮಣ್ಣಿನಾಗ ಏನರ ಸಿಕ್ಕರ ಅಲ್ಲಿಗೆ ನಿಲ್ಲಿಸಿ, ಮ್ಯಾಲೆ ಹೇಳಿದಂಗ ಜಿಲ್ಲಾಧಿಕಾರಿ ಕಚೇರಿಗೆ ಸುದ್ದಿ. ಬಿರುಕಿದ್ದ ಕಲ್ಲನ್ನ ನಿಲ್ಲಿಸಿಕೊಂಡು ಎತ್ತಬ್ಯಾಡ್ರಿ, ಹಿಂದೊಂದು ದಪ್ಪ ಹಲಗಿ ಕಟ್ಟಿ ಹಲಗಿ ಸಮೇತ ಎತ್ರಿ. ಟ್ರ್ಯಾಲಿಯಾಗ ಆರು ಇಂಚು ಮರಳು ಹಾಸಿ, ಕೆತ್ತನೆ ಮ್ಯಾಲಕ್ಕ ಮಾಡಿ ಮಲಗಿಸ್ರಿ.

ನಿಲ್ಲಿಸೋವಾಗ ಕಾಂಕ್ರೀಟಿನಾಗ ಹೂಳಬ್ಯಾಡ್ರಿ. ತಗ್ಗಿನ ತಳಕ್ಕ ಒಂದಡಿ ಜಲ್ಲಿ, ಸುತ್ತ ಮರಳು ಮತ್ತ ಸುಣ್ಣ. ನಾಳೆ ತಗೀಬೇಕಂದ್ರ ಬರಬೇಕು.

ಓಲೆಗರಿ

ಓಲೆಗರಿ ಮತ್ತು ತಾಮ್ರಪಟದ ಬಗ್ಗೆ ನಾನು ಹೇಳುತ್ತೇನೆ, ದಂಡಿಯವರೇ. ಮಠದ ಕಟ್ಟುಗಳನ್ನು ಸಣ್ಣದೆಂದು ತಿಳಿಯಬೇಡಿ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮಠ, ಮನೆಗಳ ಓಲೆಗರಿ ಹುಡುಕಿ ಸಂಗ್ರಹಿಸಿದ್ದರಿಂದಲೇ ವಚನಗಳು 1923ರಲ್ಲಿ ದೊಡ್ಡ ಸಂಕಲನವಾಗಿ ಅಚ್ಚಿನಲ್ಲಿ ಬಂದವು. ಹಿತಚಿಂತಕ ಎಂಬ ಸ್ವಂತ ಮುದ್ರಣಾಲಯವನ್ನೂ ಅವರು ಕಟ್ಟಿದರು. ಅವರ ಹೆಸರಿನ ಸಂಶೋಧನಾ ಕೇಂದ್ರ ವಿಜಯಪುರದ ಬಿಎಲ್‌ಡಿಇ ಶಿಕ್ಷಣ ಸಂಸ್ಥೆಯಲ್ಲಿದೆ. ನಮ್ಮ ಭಾಗದ ದೊಡ್ಡ ಪರಂಪರೆಯ ಕೆಲಸ ನಡೆದದ್ದು ಬಟ್ಟೆಯಲ್ಲಿ ಸುತ್ತಿಟ್ಟ ಇಂಥ ಕಟ್ಟುಗಳಿಂದಲೇ.

ಕಟ್ಟು ಬಿಚ್ಚುವ ಮೊದಲು ಮೇಲಿಂದ, ಪಕ್ಕದಿಂದ ಫೋಟೋ ತೆಗೆಯಿರಿ. ಗರಿಗಳ ಕ್ರಮ ತಪ್ಪಿದರೆ ಮತ್ತೆ ಕೂಡಿಸುವುದು ತಿಂಗಳುಗಟ್ಟಲೆ ಕೆಲಸ. ಅಂಟಿಕೊಂಡ ಗರಿಯನ್ನು ಉಗುರಿನಿಂದ ಬಿಡಿಸಬೇಡಿ, ಮೇಲಿನ ಪದರ ಅಕ್ಷರ ಸಮೇತ ಕಿತ್ತುಬರುತ್ತದೆ. ಒಣ ಮೆತ್ತನೆ ಕುಂಚದಿಂದ ಧೂಳು ತೆಗೆದು, ಒಣಗಿ ಪೆಡಸಾದ ಗರಿಗೆ ಹತ್ತಿಯಲ್ಲಿ ಮಜ್ಜಿಗೆಹುಲ್ಲಿನ ಎಣ್ಣೆ ತೆಳುವಾಗಿ ಸವರಿ. ಅದು ಗರಿಯನ್ನು ಬಾಗುವಂತೆ ಮಾಡುತ್ತದೆ, ಹುಳವನ್ನೂ ದೂರ ಇಡುತ್ತದೆ. ಅಕ್ಷರ ಮಸುಕಾಗಿದ್ದರೆ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಸವರಿ ಒರೆಸಿದರೆ ಕೊರೆದ ಗೆರೆಯಲ್ಲಿ ಮಾತ್ರ ಉಳಿಯುತ್ತದೆ. ಆದರೆ ಮಸಿಯಿಂದ ಬರೆದ ಗರಿಗೆ ಎಣ್ಣೆ ಮುಟ್ಟಿಸಬಾರದು, ಮೊದಲು ಕೊರೆದದ್ದೋ ಬರೆದದ್ದೋ ನೋಡಿ. ಲ್ಯಾಮಿನೇಶನ್, ಸೆಲ್ಲೋಟೇಪು ಯಾವ ಕಾರಣಕ್ಕೂ ಬೇಡ. ಎರಡು ಮರದ ಹಲಗೆ ನಡುವೆ ಇಟ್ಟು, ಬಣ್ಣ ಬಿಡದ ಹತ್ತಿ ಬಟ್ಟೆಯಲ್ಲಿ ಸುತ್ತಿ. ದಾರ ಬಿಗಿಯಬೇಡಿ, ಗರಿಯ ತೂತು ಹರಿಯುತ್ತದೆ.

ತಾಮ್ರಪಟವನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ಹೊಳಪು ಬರುತ್ತದೆ, ಅಕ್ಷರದ ಅಂಚು ಹೋಗುತ್ತದೆ. ಗಟ್ಟಿ ಹಸಿರು ಪದರ ಇದ್ದರೆ ಇರಲಿ, ಅದು ಲೋಹಕ್ಕೆ ಹೊದಿಕೆ. ಚುಕ್ಕೆ ಚುಕ್ಕೆಯಾಗಿ ತಿಳಿಹಸಿರು ಪುಡಿ ಉದುರುತ್ತಿದ್ದರೆ ಮಾತ್ರ ಅದು ರೋಗ, ಒಣ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಮುಚ್ಚಿಟ್ಟು ಪರಿಣತರಿಗೆ ತೋರಿಸಿ. ಬಳೆಯನ್ನು ಕತ್ತರಿಸಿ ಹಲಗೆ ಬಿಡಿಸುವ ಆಸೆ ಎಲ್ಲರಿಗೂ ಬರುತ್ತದೆ. ಬಳೆಯ ಮುದ್ರೆಯೇ ಆ ದಾನ ಯಾವ ಅರಸರದೆಂಬುದಕ್ಕೆ ಸಾಕ್ಷಿ, ಕತ್ತರಿಸದ ಬಳೆ ಹಲಗೆಗಳು ಬದಲಾಗಿಲ್ಲ ಎಂಬುದಕ್ಕೆ ಸಾಕ್ಷಿ. ಹಲಗೆಗಳನ್ನು ಬಳೆಯಲ್ಲೇ ತಿರುಗಿಸಿ ಒಂದೊಂದೇ ಬದಿಯ ಫೋಟೋ ತೆಗೆಯಬಹುದು.

ಹುನಗುಂದ ಕಡಿಯವ

ಒಂದು ಮಾತು ಉಳಿದೈತಿ. ಊರು ಹೊಳಿದಂಡಿ ಅಂತೀರಿ. 2009ರಾಗೂ, 2019ರ ಆಗಸ್ಟಿನಾಗೂ ಮಲಪ್ರಭಾ ತುಂಬಿ ಬಂದಾಗ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ನೀರು ಹೊಕ್ಕಿತ್ತು. ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟರ ನಿಮಗ ಸಿಗೋ ಹೊತ್ತು ಕಡಿಮಿ. ಚಾವಡಿ ಗೋಡಿ ಮ್ಯಾಲೆ 2019ರ ನೀರಿನ ಗುರುತು ಎಲ್ಲಿತ್ತು ಅಂತ ಊರ ಹಿರಿಯರನ್ನ ಕೇಳಿ ಗೀರು ಹಾಕ್ರಿ. ಓಲೆಗರಿ, ತಾಮ್ರಪಟ, ದಾಖಲಾತಿ ಪುಸ್ತಕ ಆ ಗೀರಿಗಿಂತ ಮೂರಡಿ ಮ್ಯಾಲೆ ಇರಬೇಕು. ಪುಸ್ತಕದ ಇನ್ನೊಂದು ಪ್ರತಿ ಊರಿನಾಚೆ ಇರಬೇಕು. ಮಹಾಪೂರ ಇಳಿದ ಮ್ಯಾಲೆ ಕಲ್ಲಿನ ಕೆಸರನ್ನ ಹಸಿ ಇದ್ದಾಗಲೇ ನೀರು ಬಿಟ್ಟು ತೊಳಿರಿ. ಒಣಗಿಸಿ ಕೆರೆದರ ಕೆತ್ತನಿ ಬರತೈತಿ.

ಮಲಪ್ರಭಾ ದಂಡಿ

ಕೇಳಿದೆನ್ರಿ. ಗೀರು ಚಾವಡಿ ಕಟ್ಟಿಯಿಂದ ಎರಡೂವರೆ ಅಡಿ ಮ್ಯಾಲೆ ಬರತೈತಿ. ಗುಡಿ ಮುಂದಿನ ಐದು ವೀರಗಲ್ಲು, ಬಾವಿಯ ಎರಡು ಶಾಸನ ಅಲ್ಲೇ ಬಿಡೋದು, ಬದುವಿನ ಎರಡಕ್ಕ ಮೊದಲು ಗೂಟದ ಕಲ್ಲು. ದಾಖಲಾತಿ ನಂಬರನ್ನ ಕಲ್ಲಿನ ಮ್ಯಾಲೆ ಬರಿಯೋದು ಹೆಂಗ? ಪೇಂಟ್ ಬ್ಯಾಡಂದ್ರಲ್ಲ.

ನಗಾರಖಾನೆ

ಅಲ್ಲೇ ಬಿಡುವ ಕಲ್ಲಿನ ಮೇಲೆ ಏನೂ ಬರೆಯಬೇಡಿ, ನಂಬರು ಫೋಟೋ ಮತ್ತು ಪುಸ್ತಕದಲ್ಲಿ ಸಾಕು. ಒಳಗೆ ತರುವ ವಸ್ತುವಿಗೆ ಹಿಂಬದಿ ಅಥವಾ ತಳದಲ್ಲಿ, ಕೆತ್ತನೆಯಿಲ್ಲದ ಕಡೆ, ಬೆರಳಗಲ ಜಾಗಕ್ಕೆ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ಅಂಟನ್ನು ಅಸಿಟೋನಿನಲ್ಲಿ ಕರಗಿಸಿ ತೆಳುವಾಗಿ ಬಳಿಯಿರಿ. ಒಣಗಿದ ಮೇಲೆ ಕಪ್ಪು ಮಸಿಯ ಸಣ್ಣ ಅಕ್ಷರ, ಅದರ ಮೇಲೆ ಇನ್ನೊಂದು ಪದರ. ಬೇಡವೆಂದಾಗ ಅಸಿಟೋನ್ ಹತ್ತಿಯಿಂದ ಪೂರ್ತಿ ಹೋಗುತ್ತದೆ. ಓಲೆಗರಿಗೆ ಇದನ್ನು ಮಾಡಬೇಡಿ, ನಂಬರನ್ನು ಸುತ್ತಿದ ಬಟ್ಟೆಗೆ ಹೊಲಿದ ಚೀಟಿಯಲ್ಲಿ ಬರೆಯಿರಿ. ತಾಮ್ರಪಟಕ್ಕೆ ಡಬ್ಬಿಯ ಮೇಲೆ.

ನಂಬರಿನ ರೂಪ ಸರಳವಾಗಿರಲಿ: ಬಂದ ವರ್ಷ, ಆ ವರ್ಷದ ಕ್ರಮಸಂಖ್ಯೆ. ವರ್ಗ, ಕಾಲ, ರಾಜವಂಶ ಎಲ್ಲ ನಂಬರಿನಲ್ಲಿ ತುರುಕಬೇಡಿ. ಇವತ್ತು ಚಾಲುಕ್ಯ ಎಂದದ್ದನ್ನು ನಾಳೆ ಓದಿದವರು ರಟ್ಟ ಎನ್ನಬಹುದು, ಆಗ ನಂಬರೇ ಸುಳ್ಳಾಗುತ್ತದೆ. ಪುಸ್ತಕ ಹೊಲಿದ ರಟ್ಟಿನದು, ಪುಟಕ್ಕೆ ಅಚ್ಚಿನ ಸಂಖ್ಯೆ ಇರುವಂಥದ್ದು, ಹಾಳೆ ಕಿತ್ತರೆ ಗೊತ್ತಾಗುವಂತಿರಲಿ. ತಪ್ಪು ಬರೆದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿ ಬರೆದು ಸಹಿ ಹಾಕಿ, ಬಿಳಿ ಮಸಿ ಬಳಿಯಬೇಡಿ.